ಏನು, ಏನನ್ನು: ಇಂಗ್ಲಿಷ್ ವಾಕ್ಯದಲ್ಲಿ ಕರ್ಮವನ್ನೂ ಪೂರಕವನ್ನೂ ಗುರುತಿಸುವ ಬಗೆ

ನಾವಿರುವುದು ಜಪಾನಿನ ಚಿಬಾ ಪ್ರಾಂತದ ಉರಯಾಸು ನಗರದಲ್ಲಿ. ಟೋಕಿಯೊ ಡಿಸ್ನಿಲ್ಯಾಂಡ್ ಇರುವುದು ಟೋಕಿಯೊದಲ್ಲಲ್ಲ, ಈ ಊರಿನಲ್ಲಿ ಎಂದರೆ ಹೆಚ್ಚಿನವರಿಗೆ ಗುರುತು ಸಿಗುತ್ತದೆ. ಹಳೆಯ ಎದೊ ನದಿಯ ಸೇತುವೆ ದಾಟಿದರೆ ತೋಜಾಯ್ ರೈಲುಮಾರ್ಗದಲ್ಲಿ ಕಸಾಯ್, ಅದರ ಮುಂದೆ ನಿಶಿಕಸಾಯ್. ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದು ಆ ದಡದಲ್ಲಿ. ನಮ್ಮ ಮಗಳು ಓದುವುದು ಈ ದಡದ ಜಪಾನಿ ಮಾಧ್ಯಮದ ಶಾಲೆಯಲ್ಲಿ. ಸಂಜೆ ಮನೆಪಾಠಕ್ಕೆ ಹೋಗುತ್ತಾಳೆ. ಇಲ್ಲಿ ಅದಕ್ಕೆ ಜುಕು ಎನ್ನುತ್ತಾರೆ.

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ಅವಳು ಜುಕುವಿನಿಂದ ಇಂಗ್ಲಿಷ್ ವ್ಯಾಕರಣದ ಉತ್ತರಪತ್ರಿಕೆಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟಳು. 'ಮೈ ಸಿಸ್ಟರ್ ಸಾ ಹರ್‌ಸೆಲ್ಫ್ ಇನ್ ದ ಮಿರರ್' ಎಂಬ ವಾಕ್ಯದಲ್ಲಿ 'ಹರ್‌ಸೆಲ್ಫ್' ಎಂಬುದರ ಕೆಳಗೆ ಅವಳು 'ಸಿ' ಎಂದು ಬರೆದಿದ್ದಳು. ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಗುರುತು. ಸರಿಯುತ್ತರವೆಂದುಕೊಂಡು ಮೆಚ್ಚುಗೆ ಸೂಚಿಸಿದೆ. ಜಪಾನಿನ ಶಾಲೆಗಳಲ್ಲಿ ಸರಿಯುತ್ತರಕ್ಕೆ ಹಾಕುವುದು ವೃತ್ತವನ್ನು. ನಮ್ಮ ರೈಟ್ ಗುರುತು ಇಲ್ಲಿ ತಪ್ಪಿನ ಗುರುತು. ಇಷ್ಟು ವರ್ಷ ಇಲ್ಲಿದ್ದೂ ನನ್ನ ಕಣ್ಣು ಇನ್ನೂ ಆ ಗುರುತಿಗೆ ಮೋಸಹೋಗುತ್ತದೆ.

"ಅಮ್ಮ, ಕನ್ನಡಿಯಲ್ಲಿ ಕಂಡವಳು ಅವಳೇ ತಾನೇ? ಹಾಗಾದರೆ ಇಬ್ಬರೂ ಒಬ್ಬರೇ. ರೂಲ್ ಪ್ರಕಾರ ನಾನು ಬರೆದಿದ್ದು ಸರಿ" ಎಂದಳು.

ಅವಳಿಗೆ ಕಲಿಸಿದ ಸೂತ್ರ ಹೀಗಿತ್ತು: ಕ್ರಿಯಾಪದದ ನಂತರ ಬಂದ ನಾಮಪದವು ಕರ್ತೃವಿಗೆ ಸಮವಾಗಿದ್ದರೆ ಅದು 'ಸಿ', ಅಂದರೆ ಪೂರಕ; ಸಮವಲ್ಲದಿದ್ದರೆ 'ಓ', ಅಂದರೆ ಕರ್ಮ. ಸೂತ್ರವನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ತಪ್ಪಿದ್ದುದು ಸೂತ್ರದಲ್ಲಿ. ಇದನ್ನು ಅವಳಿಗೆ ವಿವರಿಸಬೇಕಾದಾಗ ಇಂಗ್ಲಿಷಿನಲ್ಲಿ ನನಗೆ ಮಾತು ಸಿಗಲಿಲ್ಲ, ಕನ್ನಡದಲ್ಲಿ ಸಿಕ್ಕಿತು. ಹೊರದೇಶಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವ ಕನ್ನಡಿಗರಿಗೆ ಪ್ರಯೋಜನವಾದೀತೆಂದು ಆ ವಿವರಣೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ಮೊದಲು ಹೆಸರುಗಳ ಗೊಂದಲವನ್ನು ನಿವಾರಿಸಿಕೊಳ್ಳಬೇಕು. 'ಷಿ ಈಸ್ ಎ ಡಾಕ್ಟರ್' ಎಂಬಲ್ಲಿಯ 'ಡಾಕ್ಟರ್' ಎಂಬ ಪದಕ್ಕೆ ಅಮೆರಿಕದ ಪಠ್ಯಗಳು ಪ್ರೆಡಿಕೇಟ್ ನಾಮಿನೇಟಿವ್ ಎನ್ನುತ್ತವೆ. ಆಖ್ಯಾತದೊಳಗೆ ಬಂದ ಪ್ರಥಮಾ ವಿಭಕ್ತಿ ಎಂದು ಅರ್ಥ. ನಾನು ಓದಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲಿ ಅದು ಕಾಂಪ್ಲಿಮೆಂಟ್. (ಆ ರೆನ್ ಮಹಾಶಯನೇ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯನ್ನು ಬರೆದವನೆಂದು ತಿಳಿದದ್ದು ಬಹಳ ತಡವಾಗಿ. ವ್ಯಾಕರಣದ ಪುಸ್ತಕದಲ್ಲಿ ಅದರ ಸುಳಿವೇ ಇರಲಿಲ್ಲ.) ಜಪಾನಿನಲ್ಲಿ ಅದು ಹೊಗೊ, ಪೂರೈಸುವ ಮಾತು, ಕರ್ಮಕ್ಕೆ ಮೊಕುತೆಕಿಗೊ, ಉದ್ದೇಶಿತವಾದ ಮಾತು. 'ಷಿ ಈಸ್ ಟಾಲ್' ಎಂಬಲ್ಲಿಯ ಗುಣವಾಚಕವನ್ನು ಅಮೆರಿಕದವರು ಬೇರೆ ಹೆಸರಿನಿಂದ ಕರೆಯುತ್ತಾರೆ. ಬ್ರಿಟಿಷರೂ ಜಪಾನಿಯರೂ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಈ ಲೇಖನದಲ್ಲಿ ನಾನು ಕರ್ಮ, ಪೂರಕ ಎಂಬ ಎರಡೇ ಪದಗಳನ್ನು ಬಳಸುತ್ತೇನೆ.

ಜಪಾನಿನ ಇಂಗ್ಲಿಷ್ ಪಾಠದಲ್ಲಿ ಈ ವಿಚಾರಕ್ಕೆ ಇರುವಷ್ಟು ಮಹತ್ತ್ವ ಬೇರೆಲ್ಲಿಯೂ ಇದ್ದಂತೆ ಕಾಣೆ. ಇಲ್ಲಿನ ವಿದ್ಯಾರ್ಥಿಗಳು ಇಂಗ್ಲಿಷಿನ ವಾಕ್ಯಗಳೆಲ್ಲವನ್ನೂ ಐದು ಮಾದರಿಗಳಲ್ಲಿ ಕಲಿಯುತ್ತಾರೆ. ಕರ್ತೃ ಮತ್ತು ಕ್ರಿಯೆ ಮಾತ್ರ ಇರುವುದು ಒಂದು. ಅವಕ್ಕೆ ಪೂರಕ ಸೇರಿದ್ದು, ಕರ್ಮ ಸೇರಿದ್ದು, ಎರಡು ಕರ್ಮ ಸೇರಿದ್ದು, ಕರ್ಮವೂ ಅದರ ಪೂರಕವೂ ಸೇರಿದ್ದು ಉಳಿದವು. ಇದಕ್ಕೆ ಗೋಬುಂಕೇ ಎಂದು ಹೆಸರು. ಇದರ ಮೂಲ ಜಪಾನಿನದಲ್ಲ. ಸಿ. ಟಿ. ಆನಿಯನ್ಸ್ ಎಂಬ ಇಂಗ್ಲಿಷ್ ವಿದ್ವಾಂಸ 1904ರಲ್ಲಿ ಪ್ರಕಟಿಸಿದ 'ಆ್ಯನ್ ಅಡ್ವಾನ್ಸ್ಡ್ ಇಂಗ್ಲಿಷ್ ಸಿಂಟ್ಯಾಕ್ಸ್' ಎಂಬ ಗ್ರಂಥದಲ್ಲಿ ಆಖ್ಯಾತದ ಐದು ರೂಪಗಳನ್ನು ವಿವರಿಸಿದ್ದಾನೆ. ಹೆಸರು ಕೇಳಿ ಮಗಳು ನಕ್ಕಳು. ಈರುಳ್ಳಿ ಎಂದು ಹೆಸರಿದ್ದರೂ ಆತ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿಯ ನಾಲ್ವರು ಸಂಪಾದಕರಲ್ಲಿ ಒಬ್ಬ. ಹೊಸೊಎ ಇತ್ಸುಕಿ ಎಂಬ ಜಪಾನಿ ವಿದ್ವಾಂಸ 1917ರ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಈ ಐದು ರೂಪಗಳನ್ನು ಅಳವಡಿಸಿಕೊಂಡ. ಅಲ್ಲಿಂದ ಅವು ಇಲ್ಲಿನ ಪಾಠಗಳಲ್ಲಿ ಬೇರೂರಿದವು. ಹುಟ್ಟಿದ ದೇಶದಲ್ಲಿ ಇಂದು ಶಾಲಾಮಕ್ಕಳು ಅವನ್ನು ಅರಿಯರು. ಇಲ್ಲಿ ಪ್ರೌಢಶಾಲೆಯ ಪ್ರವೇಶ ಪರೀಕ್ಷೆಗೆ ಸಿದ್ಧವಾಗುವ ಮಗು ಅವನ್ನು ಬಾಯಿಪಾಠ ಮಾಡುತ್ತದೆ.

ಆನಿಯನ್ಸನ ಪುಸ್ತಕ ಬಂದದ್ದು ಸೊನೆನ್‌ಶೈನ್ ಎಂಬ ಪ್ರಾಧ್ಯಾಪಕನ ಸಂಪಾದಕತ್ವದ 'ಸಮಾಂತರ ವ್ಯಾಕರಣ' ಮಾಲೆಯಲ್ಲಿ. ಇಂಗ್ಲಿಷ್, ಲ್ಯಾಟಿನ್, ಗ್ರೀಕ್, ಫ್ರೆಂಚ್, ಜರ್ಮನ್ ಭಾಷೆಗಳನ್ನು ಒಂದೇ ಪರಿಭಾಷೆಯಲ್ಲಿ ಕಲಿಸಿದರೆ ಒಂದು ಭಾಷೆಯ ತಿಳಿವು ಮತ್ತೊಂದಕ್ಕೆ ನೆರವಾಗುತ್ತದೆಂಬುದು ಆ ಮಾಲೆಯ ಆಶಯ. ಈ ಆಶಯವನ್ನು ಕನ್ನಡಕ್ಕೂ ಅನ್ವಯಿಸಬಹುದೆಂಬುದೇ ನನ್ನ ವಾದ.

ಈಗ ಸಮಸ್ಯೆಯ ಮೂಲಕ್ಕೆ ಬರೋಣ. ರೆನ್ ಮತ್ತು ಮಾರ್ಟಿನ್ ಪರಂಪರೆಯ ಪಾಠದಲ್ಲಿ ಕರ್ಮವನ್ನು ಹುಡುಕಲು ಕ್ರಿಯಾಪದದ ಮುಂದೆ 'ವಾಟ್' ಅಥವಾ 'ಹೂಮ್' ಎಂದು ಕೇಳಬೇಕು. 'ಷಿ ಕುಕ್ಡ್ ವಾಟ್?' ಎಂದರೆ 'ರೈಸ್'. ಕರ್ಮ ಸಿಕ್ಕಿತು. 'ಷಿ ಈಸ್ ವಾಟ್?' ಎಂದರೆ 'ಎ ಡಾಕ್ಟರ್'. ಉತ್ತರವೇನೋ ಬಂತು, ಆದರೆ ಸಿಕ್ಕಿದ್ದು ಕರ್ಮವಲ್ಲ. ಇಂಗ್ಲಿಷಿನ 'ವಾಟ್' ಎರಡಕ್ಕೂ ಒಂದೇ ರೂಪದಲ್ಲಿ ನಿಲ್ಲುವುದರಿಂದ ಪ್ರಶ್ನೆಯೇ ಮಗುವನ್ನು ದಾರಿ ತಪ್ಪಿಸುತ್ತದೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಕರ್ಮಕ, ಅಕರ್ಮಕ ಧಾತುಗಳ ಪಾಠದಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟ ಉಪಾಯವನ್ನು ಕರ್ನಾಟಕದಲ್ಲಿ ಓದಿದವರೆಲ್ಲ ಬಲ್ಲರು: ಕ್ರಿಯಾಪದಕ್ಕೆ 'ಏನನ್ನು?' 'ಯಾರನ್ನು?' ಎಂದು ಪ್ರಶ್ನೆ ಹಾಕು. ಉತ್ತರ ಬಂದರೆ ಸಕರ್ಮಕ. ಈ ಪ್ರಶ್ನೆಗೆ 'ವಾಟ್'ಗಿಲ್ಲದ ಒಂದು ಗುಣವಿದೆ. 'ಬೇಯಿಸಿದಳು': ಏನನ್ನು? ಅನ್ನವನ್ನು. 'ಅವಳು ವೈದ್ಯೆ': ಇಲ್ಲಿ 'ಏನನ್ನು' ಎಂದು ಕೇಳಲು ಬಾಯಿಯೇ ಬರುವುದಿಲ್ಲ, 'ಅವಳು ಏನು?' ಎಂದಷ್ಟೇ ಕೇಳಬಹುದು. ಏನು ಎಂಬುದು ಪೂರಕದ ಪ್ರಶ್ನೆ, ಏನನ್ನು ಎಂಬುದು ಕರ್ಮದ ಪ್ರಶ್ನೆ. ಹದಿಮೂರನೆಯ ಶತಮಾನದ ಕೇಶಿರಾಜ 'ಅಂ' ಎಂದು ವಿಧಿಸಿದ ದ್ವಿತೀಯಾ ವಿಭಕ್ತಿಯ ಪ್ರತ್ಯಯ ಹೊಸಗನ್ನಡದಲ್ಲಿ 'ಅನ್ನು' ಆಗಿ ಪ್ರಶ್ನೆಯ ಮೈಮೇಲೆಯೇ ಕುಳಿತಿದೆ.

ಹಾಗಾದರೆ ಕನ್ನಡಿಯ ಮುಂದಿನ ಅಕ್ಕ? 'ನೋಡಿದಳು.' ಯಾರನ್ನು? 'ತನ್ನನ್ನು.' ಅನ್ನು ಬಂತು, ಆದ್ದರಿಂದ ಕರ್ಮ. ನೋಡಿದವಳೂ ನೋಡಲ್ಪಟ್ಟವಳೂ ಒಬ್ಬಳೇ ಆದರೂ ವಾಕ್ಯದಲ್ಲಿ ಅವರದು ಎರಡು ಪಾತ್ರ. ಸಮವೋ ಅಲ್ಲವೋ ಎಂಬುದು ಲೋಕದ ಸಂಗತಿ. ಕರ್ಮವೋ ಅಲ್ಲವೋ ಎಂಬುದು ಕ್ರಿಯಾಪದಕ್ಕೂ ನಾಮಪದಕ್ಕೂ ಇರುವ ಸಂಬಂಧ. ಇದನ್ನು ಕೇಳಿದ ಮೇಲೆ ಮಗಳು ಪತ್ರಿಕೆಯನ್ನು ಮಡಿಚಿಟ್ಟಳು. ಜಪಾನಿಯಲ್ಲಿಯೂ ಕರ್ಮದ ಮುಂದೆ 'ಒ' ಎಂಬ ಪ್ರತ್ಯಯ ಬರುತ್ತದೆ, 'ನಾನಿ' ಎಂದರೆ ಏನು, 'ನಾನಿ ಒ' ಎಂದರೆ ಏನನ್ನು. ಅಂದರೆ ಅವಳ ಎರಡು ಭಾಷೆಗಳೂ ಇದನ್ನು ಬಲ್ಲವು, ಮೂರನೆಯದು ಮಾತ್ರ ಮುಚ್ಚಿಡುತ್ತದೆ.

ಈ ಪರೀಕ್ಷೆ ಎಷ್ಟು ಸೂಕ್ಷ್ಮವೆಂಬುದಕ್ಕೆ ನನಗೆ ಪ್ರಿಯವಾದ ಜೋಡಿಯೊಂದಿದೆ. 'ಹಿ ಬಿಕೇಮ್ ಎ ಡಾಕ್ಟರ್', 'ಹಿ ಮ್ಯಾರೀಡ್ ಎ ಡಾಕ್ಟರ್'. ಕನ್ನಡದಲ್ಲಿ ಎರಡರಲ್ಲಿಯೂ 'ಆದ' ಎಂಬ ಕ್ರಿಯೆಯೇ ಬರುತ್ತದೆ: 'ವೈದ್ಯನಾದ', 'ವೈದ್ಯೆಯನ್ನು ಮದುವೆಯಾದ'. ಆದರೂ ಅನ್ನು ಎರಡನೆಯದರಲ್ಲಿ ಮಾತ್ರ. 'ಷಿ ರಿಸೆಂಬಲ್ಸ್ ಹರ್ ಮದರ್' ಎಂಬುದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಲು ಬಾರದು. ಹಾಗಾಗಿ ಅದನ್ನೇ ಒರೆಗಲ್ಲಾಗಿ ಕಲಿತ ಮಕ್ಕಳು ಇಲ್ಲಿ ತಡವರಿಸುತ್ತಾರೆ. 'ತಾಯಿಯನ್ನು ಹೋಲುತ್ತಾಳೆ' ಎಂದು ಕನ್ನಡ ಥಟ್ಟನೆ ಹೇಳುತ್ತದೆ. 'ಷಿ ಮೇಡ್ ಎ ಗುಡ್ ಸೂಪ್', 'ಷಿ ಮೇಡ್ ಎ ಗುಡ್ ಕ್ಯಾಪ್ಟನ್' ಎಂಬೆರಡರಲ್ಲಿ ಇಂಗ್ಲಿಷಿನ ಹೊರರೂಪ ಒಂದೇ. ಸಾರನ್ನು ಮಾಡಿದಳು; ನಾಯಕಿಯಾದಳು. ಅನುವಾದಿಸುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ.

ಊರಿನ ಕಥೆಯಿಂದಲೇ ಅಭ್ಯಾಸಕ್ಕೆ ವಾಕ್ಯಗಳನ್ನು ಮಾಡಿಕೊಂಡೆವು. ಉರಯಾಸು ಮೀನುಗಾರರ ಊರಾಗಿತ್ತು. 1971ರಲ್ಲಿ ಅವರು ಮೀನುಗಾರಿಕೆಯ ಹಕ್ಕನ್ನು ಸಂಪೂರ್ಣವಾಗಿ ಬಿಟ್ಟುಕೊಟ್ಟರು; ಸಮುದ್ರವನ್ನು ತುಂಬಿಸಿದ ನೆಲದ ಮೇಲೆ ಹೊಸ ಬಡಾವಣೆಗಳೆದ್ದವು; 1981ರಲ್ಲಿ ಊರು ನಗರವಾಯಿತು, 1983ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. 'ದ ಟೌನ್ ಲಾಸ್ಟ್ ದ ಸೀ', 'ದ ಟೌನ್ ಬಿಕೇಮ್ ಎ ಸಿಟಿ', 'ದ ಸೀ ಬಿಕೇಮ್ ಲ್ಯಾಂಡ್'. ಸಮುದ್ರವನ್ನು ಕಳೆದುಕೊಂಡಿತು, ನಗರವಾಯಿತು, ನೆಲವಾಯಿತು. ಒಂದು ಕರ್ಮ, ಎರಡು ಪೂರಕ.

ಆದರೆ ಈ ಉಪಾಯವನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಕೆಲವೆಡೆ ಅದು ಕೈಕೊಡುತ್ತದೆ. ಎಲ್ಲಿ ಕೈಕೊಡುತ್ತದೆಂದು ಮೊದಲೇ ತಿಳಿದಿರುವುದರಿಂದ ಅಪಾಯ ಕಡಿಮೆ.

ಅತ್ಯಂತ ದೊಡ್ಡ ಹಳ್ಳವಿರುವುದು ಚತುರ್ಥಿಯ ಬಳಿ. 'ಷಿ ಹ್ಯಾಸ್ ಟೂ ಬ್ರದರ್ಸ್' ಎಂಬುದನ್ನು ನಾವು ಹೇಳುವುದು 'ಅವಳಿಗೆ ಇಬ್ಬರು ಅಣ್ಣಂದಿರಿದ್ದಾರೆ' ಎಂದು. ಅಣ್ಣಂದಿರು ಇಲ್ಲಿ ಕರ್ತೃಸ್ಥಾನದಲ್ಲಿದ್ದಾರೆ. ಕ್ರಿಯಾಪದವೂ ಅವರಿಗೇ ಹೊಂದುತ್ತದೆ. ಇಂಗ್ಲಿಷಿನಲ್ಲಾದರೋ ಅವರು ಕರ್ಮ. 'ಐ ಲೈಕ್ ಮ್ಯಾಂಗೋಸ್', 'ಐ ವಾಂಟ್ ಟೀ', 'ಐ ನೋ ಜ್ಯಾಪನೀಸ್' ಎಲ್ಲವೂ ಇದೇ ಜಾತಿ: ನನಗೆ ಮಾವು ಇಷ್ಟ, ನನಗೆ ಚಹಾ ಬೇಕು, ನನಗೆ ಜಪಾನಿ ಗೊತ್ತು. ಅನ್ನು ಎಲ್ಲಿಯೂ ಇಲ್ಲ. ಇಂಥಲ್ಲಿ ಇಂಗ್ಲಿಷಿನೊಳಗಿನ ಉಪಾಯವನ್ನೇ ಹಿಡಿಯಬೇಕು: ನಾಮಪದವನ್ನು ತೆಗೆದು ಸರ್ವನಾಮವನ್ನಿಟ್ಟು ನೋಡುವುದು. 'ಷಿ ಹ್ಯಾಸ್ ದೆಮ್' ಎನ್ನುತ್ತೇವೆ, 'ದೇ' ಎನ್ನುವುದಿಲ್ಲ. ಆದ್ದರಿಂದ ಕರ್ಮ. 'ಇಷ್ಟ', 'ಬೇಕು' ಎನ್ನುವಾಗ ಜಪಾನಿ ಭಾಷೆಯೂ ಬಹುಮಟ್ಟಿಗೆ ನಮ್ಮ ಹಾಗೆಯೇ ಕರ್ತೃವಿನ ಪ್ರತ್ಯಯವಾದ 'ಗ'ವನ್ನು ಬಳಸುತ್ತದೆ. ಎರಡು ಭಾಷೆಗಳೂ ಒಟ್ಟಿಗೆ ತಪ್ಪು ಹೇಳುವ ಈ ಕ್ರಿಯಾಪದಗಳನ್ನು ಮಾತ್ರ ಬಾಯಿಪಾಠ ಮಾಡಿಸುವುದು ಲೇಸು.

'ದೇ ಮೇಡ್ ಹರ್ ಕ್ಯಾಪ್ಟನ್' ಎಂಬ ಐದನೆಯ ಮಾದರಿಯಲ್ಲಿ ಬೇರೆ ತೊಡಕು. 'ಅವಳನ್ನು ನಾಯಕಿಯನ್ನಾಗಿ ಮಾಡಿದರು' ಎಂಬಲ್ಲಿ ಅನ್ನು ಎರಡು ಬಾರಿ ಬಂದಿದೆ! ಎರಡೂ ಕರ್ಮವೇ? ಅಲ್ಲ, ಎರಡನೆಯದರ ಬಾಲದಲ್ಲಿ 'ಆಗಿ' ಇದೆ. 'ಆಗು' ಧಾತು ಎಲ್ಲಿ ತಲೆ ಹಾಕಿದರೂ ಪೂರಕದ ವಾಸನೆಯೆಂದು ತಿಳಿಯಬಹುದು. 'ಮದುವೆಯಾದ', 'ಭೇಟಿಯಾದ' ಎಂಬಂಥ ಜೋಡಿಪದಗಳು ಇದಕ್ಕೆ ಹೊರತು. ಅಲ್ಲಿ ಆಗು ಎಂಬುದು ಹಿಂದಿನ ಪದದೊಡನೆ ಬೆಸೆದುಕೊಂಡು ಒಂದೇ ಕ್ರಿಯೆಯಾಗಿದೆ.

ವಿಭಕ್ತಿ ಪಲ್ಲಟವನ್ನೂ ನೆನಪಿಡಬೇಕು. ಬೆಟ್ಟವನ್ನು ಹತ್ತಿದ ಎಂದರೂ ಸರಿ, ಬೆಟ್ಟಕ್ಕೆ ಹತ್ತಿದ ಎಂದರೂ ಸರಿ. 'ವಿ ರೀಚ್ಡ್ ಉರಯಾಸು' ಎಂಬುದನ್ನು ಮಗು 'ಉರಯಾಸುವಿಗೆ ತಲುಪಿದೆವು' ಎಂದು ಅನುವಾದಿಸಿದರೆ ಕರ್ಮ ತಪ್ಪಿಹೋಗುತ್ತದೆ. 'ಉರಯಾಸುವನ್ನು' ಎಂದೂ ಹೇಳಬಹುದೇ ಎಂದು ಕೇಳಿ ನೋಡಬೇಕು. ಜಪಾನಿಯಲ್ಲಿ ಆ ಅವಕಾಶವಿಲ್ಲ. ಅಲ್ಲಿ ತಲುಪುವುದೂ ಭೇಟಿಯಾಗುವುದೂ ರೈಲು ಹತ್ತುವುದೂ 'ನಿ' ಪ್ರತ್ಯಯದೊಡನೆ. ಮದುವೆಯಾಗುವುದು 'ತೊ' ಪ್ರತ್ಯಯದೊಡನೆ, 'ವೈದ್ಯೆಯ ಜೊತೆ' ಎಂಬಂತೆ. ಇನ್ನೊಂದೆಡೆ ಉದ್ಯಾನದಲ್ಲಿ ನಡೆಯುವುದಕ್ಕೆ ಅವರು 'ಒ' ಹಚ್ಚುತ್ತಾರೆ, 'ಉದ್ಯಾನವನ್ನು ನಡೆದೆ' ಎಂದ ಹಾಗೆ. ಹೀಗೆ ಮದುವೆ, ಭೇಟಿ, ನಡಿಗೆಗಳಲ್ಲಿ ಜಪಾನಿಗಿಂತ ಕನ್ನಡವೇ ಇಂಗ್ಲಿಷಿಗೆ ಹತ್ತಿರ. ಇದು ನನಗೂ ಅನಿರೀಕ್ಷಿತವಾಗಿತ್ತು.

ಸರ್ವನಾಮದ ಪರೀಕ್ಷೆಗೂ ಒಂದು ಮಿತಿಯಿದೆ. ಬಾಗಿಲು ತಟ್ಟಿದವರನ್ನು ಯಾರು ಎಂದು ಕೇಳಿದರೆ ಕನ್ನಡಿಗರು 'ನಾನು' ಎನ್ನುತ್ತಾರೆ; 'ನನ್ನನ್ನು' ಎನ್ನುವವರಿಲ್ಲ. ಇಂಗ್ಲಿಷರು 'ಇಟ್ಸ್ ಮಿ' ಎನ್ನುತ್ತಾರೆ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ 'ಬಿ' ಕ್ರಿಯಾಪದದ ನಂತರ ಪ್ರಥಮೆಯೇ ಬರಬೇಕೆಂದು ವಿಧಿಸಿದ. ಅವನ ಪ್ರಕಾರ 'ಇಟ್ ಈಸ್ ಐ' ಸಾಧು. ಆಮ್ಲಜನಕದ ಶೋಧಕ್ಕಾಗಿ ಹೆಸರಾದ ಜೋಸೆಫ್ ಪ್ರೀಸ್ಟ್ಲಿ ವ್ಯಾಕರಣವನ್ನೂ ಬರೆದಿದ್ದಾನೆ. ಆತ ಜನರ ಬಳಕೆಯ ಪರ ವಹಿಸಿದ. ಗೆದ್ದದ್ದು ಬಳಕೆ. ಕನ್ನಡದ ಕಿವಿ ಮಾತ್ರ ಲೌತನ ಪಕ್ಷ. ಆದಕಾರಣ 'ಮಿ', 'ದೆಮ್' ಬಂದೊಡನೆ ಕರ್ಮವೆಂದು ನಿರ್ಧರಿಸದೆ, ಮೊದಲು ಕ್ರಿಯಾಪದ 'ಬಿ' ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವವರು ವಾಕ್ಯದ ರೇಖಾಚಿತ್ರಗಳನ್ನು ಕಂಡಿರಬಹುದು. ರೀಡ್ ಮತ್ತು ಕೆಲಾಗ್ ಎಂಬಿಬ್ಬರು ಶಿಕ್ಷಕರು 1877ರ ತಮ್ಮ ಪಠ್ಯದಲ್ಲಿ ಬಳಕೆಗೆ ತಂದ ಪದ್ಧತಿಯಿದು. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ನೆಟ್ಟಗಿನ ಗೀಟು. ಕ್ರಿಯಾಪದಕ್ಕೂ ಪೂರಕಕ್ಕೂ ನಡುವೆ ಕರ್ತೃವಿನ ಕಡೆಗೆ ಬಾಗಿದ ಓರೆ ಗೀಟು. ಪೂರಕವು ಹಿಂತಿರುಗಿ ಕರ್ತೃವನ್ನೇ ನೋಡುತ್ತದೆಂಬುದನ್ನು ಆ ಓರೆ ಗೀಟು ಚೆನ್ನಾಗಿ ತೋರಿಸುತ್ತದೆ. ನಮ್ಮ ಪ್ರಶ್ನೆಯೊಡನೆ ಇದನ್ನೂ ಸೇರಿಸಿಕೊಂಡರೆ ಕಣ್ಣಿಗೂ ಕಿವಿಗೂ ಕೆಲಸ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತೊಂದರೆಯನ್ನೂ ಹೇಳಲೇಬೇಕು. ಏನನ್ನು ಎಂಬ ಪ್ರಶ್ನೆ ಫಲಿಸಬೇಕಾದರೆ ಮಗುವಿನ ಬಾಯಲ್ಲಿ 'ಅನ್ನು' ಜೀವಂತವಾಗಿರಬೇಕು. ಆಡುಮಾತಿನಲ್ಲಿ ನಾವೇ ಅದನ್ನು ಬಿಡುತ್ತೇವೆ: ಪುಸ್ತಕ ಓದಿದೆ, ಅನ್ನ ಮಾಡಿದೆ. ನಿರ್ಜೀವ ವಸ್ತುಗಳಲ್ಲಿ ಇದು ಸಹಜ. ವ್ಯಕ್ತಿಗಳಲ್ಲಿ ಹಾಗಲ್ಲ, 'ಅಜ್ಜಿಯನ್ನು ನೋಡಿದೆ' ಎನ್ನಬೇಕಾದಲ್ಲಿ 'ಅಜ್ಜಿ ನೋಡಿದೆ' ಎಂದರೆ ಕಿವಿಗೆ ಇರಿಯುತ್ತದೆ. ಹಾಗಾಗಿ ಸಂದೇಹ ಬಂದಾಗ ವಸ್ತುವಿನ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸಿ ನೋಡಬೇಕು. ನನ್ನ ಮಗಳು ಒಮ್ಮೆ 'ಟೀಚರ್ ನೋಡ್ದೆ ಸ್ಟೇಷನ್‌ನಲ್ಲಿ' ಎಂದಳು. ನೋಡಿದವರಾರು, ನೋಡಲ್ಪಟ್ಟವರಾರು ಎಂದು ನಾನೊಂದು ಕ್ಷಣ ತಡೆದು ಕೇಳಬೇಕಾಯಿತು.

ನಾವು ಇಲ್ಲಿಗೆ ಬಂದ ಹೊಸತರಲ್ಲಿ ಶಿಕ್ಷಕಿಯೊಬ್ಬರು ಮಗುವಿಗೆ ಮೂರು ಭಾಷೆಗಳ ಹೊರೆ ಬೇಡ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದು ಸಲಹೆ ಕೊಟ್ಟಿದ್ದರು. ಸದುದ್ದೇಶದಿಂದಲೇ ಹೇಳಿದರು. ಎರಡು ವರ್ಷ ಹಾಗೆಯೇ ನಡೆದುಕೊಂಡೆವು. ಆ 'ಟೀಚರ್ ನೋಡ್ದೆ' ಆ ಎರಡು ವರ್ಷಗಳ ಫಲವೆಂದು ನನ್ನ ಎಣಿಕೆ. ಇದು ನಮ್ಮೊಂದು ಮನೆಯ ಕಥೆಯಲ್ಲ. ಸಿಲ್ವಿನಾ ಮಾಂತ್ರುಲ್, ರಾಕೇಶ್ ಭಟ್ ಮೊದಲಾದ ಭಾಷಾವಿಜ್ಞಾನಿಗಳು ಅಮೆರಿಕದಲ್ಲಿ ಬೆಳೆದ ಹಿಂದಿ ಮನೆಗಳ ಮಕ್ಕಳ ಮಾತನ್ನು ಪರಿಶೀಲಿಸಿದಾಗ, ವ್ಯಕ್ತಿವಾಚಕ ಕರ್ಮದ ಮುಂದೆ ಬರಲೇಬೇಕಾದ 'ಕೋ' ಪ್ರತ್ಯಯವು ಬಿಟ್ಟುಹೋಗುತ್ತಿರುವುದನ್ನು ಕಂಡರು. ಶಬ್ದಗಳು ಉಳಿದು ವಿಭಕ್ತಿ ಸವೆಯುತ್ತದೆ. ಸವೆದದ್ದು ಮನೆಮಂದಿಗೆ ತಿಳಿಯುವುದು ತಡವಾಗಿ. ಈಗ ಊಟದ ಹೊತ್ತಿನಲ್ಲಿ ಅವಳು ಅನ್ನು ಬಿಟ್ಟಾಗ ತಿದ್ದುವುದಿಲ್ಲ, 'ಯಾರನ್ನು?' ಎಂದು ಕೇಳುತ್ತೇನೆ. ಬಹುಪಾಲು ಬಾರಿ ಪ್ರತ್ಯಯ ತಾನಾಗಿ ಹಿಂತಿರುಗುತ್ತದೆ.

ಕೊನೆಗೆ, ಯಾವ ಪರೀಕ್ಷೆಗೂ ಬಗ್ಗದ ಒಂದು ಗುಂಪು ಉಳಿಯುತ್ತದೆ. 'ಷಿ ಈಸ್ ಹೋಮ್' ಎಂಬುದು ಐದು ಮಾದರಿಗಳಲ್ಲಿ ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ. ನಮಗೆ ಅದು ಸಪ್ತಮಿ, ಮನೆಯಲ್ಲಿದ್ದಾಳೆ. ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ಬೃಹತ್ ವ್ಯಾಕರಣದಲ್ಲಿ ಇಂಥವಕ್ಕೆ ಜಾಗ ಮಾಡಿ ಮಾದರಿಗಳನ್ನು ಏಳಕ್ಕೆ ಏರಿಸಿದ್ದಾರೆ. ಜುಕುವಿನಲ್ಲಿ ಇನ್ನೂ ಐದೇ. 'ದ ಬುಕ್ ಕಾಸ್ಟ್ ಎ ಥೌಸಂಡ್ ಯೆನ್' ಎಂಬುದು ಇನ್ನಷ್ಟು ಹಟಮಾರಿ. ಕರ್ಮಣಿಗೆ ತಿರುಗದು. 'ಪುಸ್ತಕಕ್ಕೆ ಸಾವಿರ ಯೆನ್ ಆಯಿತು' ಎಂದು ಕನ್ನಡ ಪುಸ್ತಕವನ್ನೇ ಚತುರ್ಥಿಗೆ ತಳ್ಳಿ, ಯೆನ್ನನ್ನು ಕರ್ತೃವಾಗಿಸುತ್ತದೆ. ಜುಕುವಿನ ಕೈಪಿಡಿ ಅದಕ್ಕೆ 'ಓ' ಎಂದು ಕೊಟ್ಟಿದೆ. ಮಗಳು ಪರೀಕ್ಷೆಯಲ್ಲಿ 'ಓ' ಎಂದೇ ಬರೆದು ವೃತ್ತ ಪಡೆದು ಬಂದಳು. ಮನೆಯ ಟಿಪ್ಪಣಿ ಪುಸ್ತಕದಲ್ಲಿ ಅದೇ ವಾಕ್ಯದ ಪಕ್ಕದಲ್ಲಿ ಅವಳು ಹಾಕಿದ ಪ್ರಶ್ನಾರ್ಥಕ ಚಿಹ್ನೆ ಇನ್ನೂ ಹಾಗೆಯೇ ಇದೆ.